ಹ್ಯಾರಿಚ್ ಪಟ್ಟಣದ ಹಳೆಯ ಚಿತ್ರಮಂದಿರ

ಪ್ರಾಚೀನ ಕಟ್ಟಡಗಳ ರಕ್ಷಣೆಯೆಂದೊಡನೆ ದೇವಾಲಯ, ಕೋಟೆ, ಅರಮನೆಗಳೇ ನಮ್ಮ ಸ್ಮರಣೆಗೆ ಬರುವುವು. ಚಿತ್ರಮಂದಿರವೊಂದು ಚರಿತ್ರಕಾರನ ಆದರಕ್ಕೆ ಪಾತ್ರವಾದೀತೆ ಎಂಬ ಸಂದೇಹವು ವಾಚಕರಿಗೆ ಹುಟ್ಟುವುದು ಸಹಜ. ಆದರೆ ಜನಸಾಮಾನ್ಯರು ಎಲ್ಲಿ ನೆರೆದು ವಿನೋದಪಟ್ಟರೆಂಬುದೂ ಚರಿತ್ರೆಯ ಒಂದು ಅಂಗವೇ. ಆದಕಾರಣ ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಸಣ್ಣ ರೇವುಪಟ್ಟಣವಾದ ಹ್ಯಾರಿಚ್‌ನಲ್ಲಿರುವ ‘ಎಲೆಕ್ಟ್ರಿಕ್ ಪ್ಯಾಲೆಸ್’ ಎಂಬ ಮಂದಿರದ ವೃತ್ತಾಂತವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆನು.

ಚಲಚ್ಚಿತ್ರಕ್ಕೆ ಮೊದಮೊದಲು ಸ್ವಂತ ಮನೆಯೆಂಬುದು ವಿರಳವಾಗಿದ್ದಿತು. ಜಾತ್ರೆಯ ಡೇರೆಗಳಲ್ಲಿಯೂ ಬಾಡಿಗೆಯ ಸಭಾಂಗಣಗಳಲ್ಲಿಯೂ ಅದನ್ನು ತೋರಿಸುತ್ತಿದ್ದರು. ನಮ್ಮ ನಾಡಿನ ಟೂರಿಂಗ್ ಟಾಕೀಸುಗಳನ್ನು ಬಲ್ಲವರಿಗೆ ಈ ಸ್ಥಿತಿಯನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಆಗಿನ ಫಿಲ್ಮು ನೈಟ್ರೇಟಿನಿಂದಾದುದು. ಥಟ್ಟನೆ ಬೆಂಕಿ ಹೊತ್ತಿಕೊಳ್ಳತಕ್ಕದ್ದು. ಈ ಅಪಾಯವನ್ನು ತಡೆಯಲು 1909ರಲ್ಲಿ ಬ್ರಿಟನ್ನಿನಲ್ಲಿ ಒಂದು ಕಾಯಿದೆಯಾಯಿತು. ಪ್ರದರ್ಶನಸ್ಥಳಕ್ಕೆ ಪರವಾನಗಿಯೂ, ಯಂತ್ರಕ್ಕೆ ಬೆಂಕಿಯನ್ನು ತಡೆಯಬಲ್ಲ ಪ್ರತ್ಯೇಕ ಕೋಣೆಯೂ ಅವಶ್ಯಕವಾದುವು. ಜಾತ್ರೆಗಳಲ್ಲಿ ಸಂಚರಿಸಿ ಚಿತ್ರಗಳನ್ನು ತೋರಿಸುತ್ತಿದ್ದ ಚಾರ್ಲ್ಸ್ ಥರ್ಸ್ಟನ್ ಎಂಬಾತನು ಇಪ್ಸ್ವಿಚ್‌ನ ಶಿಲ್ಪಿ ಹೆರಲ್ಡ್ ಹೂಪರನಿಂದ ನಕ್ಷೆ ಬರೆಯಿಸಿ ಈ ಮಂದಿರವನ್ನು ಕಟ್ಟಿಸಿದನು. 1911ನೆಯ ನವೆಂಬರ್ 29ರಂದು ಅದು ತೆರೆಯಿತು. ಡೇರೆಯ ಆಟವು ಸ್ಥಿರವಾದ ಸೂರಿನ ಕೆಳಗೆ ಬಂದ ಸಂಧಿಕಾಲಕ್ಕೆ ಈ ಕಟ್ಟಡವು ಸಾಕ್ಷಿಯಾಗಿದೆ.

ಮೂಕಚಿತ್ರಗಳ ಕಾಲವನ್ನೂ ಎರಡು ಮಹಾಯುದ್ಧಗಳನ್ನೂ ದಾಟಿದ ಈ ಮಂದಿರಕ್ಕೆ 1953ರ ಸಮುದ್ರದ ಪ್ರವಾಹದಿಂದ ಪೆಟ್ಟು ತಗುಲಿತು. ಅಷ್ಟರಲ್ಲಿ ದೂರದರ್ಶನವೂ ಮನೆಮನೆಗೆ ಪ್ರವೇಶಿಸುತ್ತಿದ್ದಿತು. 1956ರಲ್ಲಿ ಬಾಗಿಲು ಮುಚ್ಚಿತು. ಅನಂತರದ ವರ್ಷಗಳಲ್ಲಿ ಆ ದೇಶದ ಎಷ್ಟೋ ಚಿತ್ರಮಂದಿರಗಳು ಬಿಂಗೋ ಜೂಜಿನ ಮನೆಗಳಾಗಿಯೋ ಉಗ್ರಾಣಗಳಾಗಿಯೋ ರೂಪಾಂತರ ಹೊಂದಿದುವು, ಎಷ್ಟೋ ನೆಲಸಮವಾದುವು. ಹ್ಯಾರಿಚ್‌ನ ಮಂದಿರವನ್ನಾದರೋ ಯಾರೂ ಮುಟ್ಟಲಿಲ್ಲ. ಬೇರೆ ಉಪಯೋಗಕ್ಕೆ ಬಾರದಿದ್ದುದರಿಂದಲೇ ಅದರ ಅಲಂಕೃತವಾದ ಮುಂಭಾಗ, ಟಿಕೀಟಿನ ಗೂಡು, ಮೂಕಚಿತ್ರಕಾಲದ ಪರದೆ, ಯಂತ್ರದ ಕೋಣೆ ಇವೆಲ್ಲವೂ ಕೆಡದೆ ಉಳಿದುವು. ಅನಾದರವೇ ಅದಕ್ಕೆ ಕಾವಲಾಯಿತೆಂದರೆ ತಪ್ಪಾಗದು.

ಆದರೆ ಅನಾದರವು ಬಹುಕಾಲ ಕಾಯಲಾರದು. ಸೋರುವ ಮಾಡೂ ಕೆಡಹುವವರ ಹಾರೆಯೂ ಅದನ್ನು ಹಿಂಬಾಲಿಸುವುವು. 1972ರಲ್ಲಿ ಈ ಮಂದಿರವು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿ ನಾಶದಿಂದ ಪಾರಾಯಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಅದಕ್ಕೆ ಜೀವ ಬರಲಿಲ್ಲ. ಆಸಕ್ತರ ಶ್ರಮದಿಂದ ಜೀರ್ಣೋದ್ಧಾರವಾಗಿ, 25 ವರ್ಷಗಳ ಮೌನದ ತರುವಾಯ, 1981ರಲ್ಲಿ ಅಲ್ಲಿ ಮತ್ತೆ ಚಿತ್ರಪ್ರದರ್ಶನ ಮೊದಲಾಯಿತು. ಚಾವಣಿಯ ದುರಸ್ತಿಯಾದ ಮೇಲೆ 2022ರಲ್ಲಿ ಅದು ಪುನಃ ಬಾಗಿಲು ತೆರೆಯಿತು. ಊರಿನ ಸ್ವಯಂಸೇವಕರ ನೆರವಿನಿಂದ ನಡೆಯುವ ಈ ಮಂದಿರದಲ್ಲಿ ಚಿತ್ರಗಳೊಡನೆ ಸಂಗೀತಗೋಷ್ಠಿಗಳೂ ಜರುಗುತ್ತವೆ.

ಈ ವೃತ್ತಾಂತವನ್ನು ಪರ್ಯಾಲೋಚಿಸಿದರೆ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ಕಟ್ಟಡದ ಒಡಲನ್ನು ಅದೃಷ್ಟವು ಉಳಿಸಬಹುದು, ಕಾನೂನು ಕಾಯಬಹುದು. ಅದರ ಉಸಿರನ್ನು ಉಳಿಸತಕ್ಕವರು ಅಲ್ಲಿಗೆ ಬಂದು ಕೂರುವ ಜನರೇ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡ ಬೆಂಗಳೂರಿನ ಪ್ಯಾರಮೌಂಟ್ ಮಂದಿರವು ಇಂದು ಇಲ್ಲ. ನಮ್ಮ ಸಣ್ಣ ಊರುಗಳಲ್ಲಿ ಇನ್ನೂ ನಿಂತಿರುವ ಹಳೆಯ ಮಂದಿರಗಳ ನಕ್ಷೆ, ಲೆಕ್ಕಪುಸ್ತಕ, ಭಿತ್ತಿಪತ್ರಗಳನ್ನಾದರೂ ಅವು ಅಳಿಯುವ ಮುನ್ನ ಸಂಗ್ರಹಿಸುವುದು ವಿದ್ವಾಂಸರ ಕರ್ತವ್ಯವಲ್ಲವೆ?