ಮುಟ್ಟು, ಮೈಲಿಗೆ ಮತ್ತು ಹೆಣ್ಣುಮಕ್ಕಳ ಶಾಲೆ

ಕನ್ನಡದಲ್ಲಿ ‘ಮುಟ್ಟು’ ಎಂಬ ಶಬ್ದಕ್ಕೆ ಸ್ಪರ್ಶವೆಂಬುದು ಒಂದು ಅರ್ಥ. ಸ್ತ್ರೀಯರ ಮಾಸಿಕ ರಜಸ್ರಾವವೆಂಬುದು ಇನ್ನೊಂದು. ಮುಟ್ಟಬಾರದೆಂದು ವಿಧಿಸಿದ ಸ್ಥಿತಿಗೇ ‘ಮುಟ್ಟು’ ಎಂಬ ಹೆಸರು ನಿಂತಿದೆ. ‘ಹೊರಗಾಗುವುದು’, ‘ದೂರ ಕೂರುವುದು’ ಎಂಬ ಮಾತುಗಳೂ ಇದನ್ನೇ ಹೇಳುತ್ತವೆ. ಇವುಗಳಲ್ಲಿ ದೇಹದ ವಿಚಾರಕ್ಕಿಂತ ಸ್ಥಳದ ವಿಚಾರವೇ ಹೆಚ್ಚು. ಹೆಣ್ಣು ಎಲ್ಲಿರಬಾರದು ಎಂಬುದೇ ಅವುಗಳ ಇಂಗಿತ. ಋತುಮತಿಯಾದ ಬಾಲಿಕೆ ಶಾಲೆಯಲ್ಲಿ ಉಳಿಯುವ ಪ್ರಶ್ನೆಯೂ ಮೂಲತಃ ಸ್ಥಳದ ಪ್ರಶ್ನೆಯೇ ಎಂಬುದನ್ನು ಇಲ್ಲಿ ಸಂಗ್ರಹವಾಗಿ ಪರಿಶೀಲಿಸಬಹುದು.

ಈ ಮೈಲಿಗೆಯನ್ನು ಪ್ರಶ್ನಿಸಿದ ಪರಂಪರೆಯೂ ನಮ್ಮಲ್ಲಿ ಹಳೆಯದು. ಹನ್ನೆರಡನೆಯ ಶತಮಾನದ ಶರಣರ ಮಾರ್ಗವನ್ನು ಅನುಸರಿಸಿದ ವೀರಶೈವ ಸಂಪ್ರದಾಯ ಪಂಚಸೂತಕಗಳನ್ನು ನಿರಾಕರಿಸಿತು. ಅವುಗಳಲ್ಲಿ ರಜಸ್ಸೂತಕವೂ ಒಂದು. ಆದರೆ ತತ್ತ್ವದಲ್ಲಿ ತ್ಯಕ್ತವಾದುದು ಅನೇಕ ಮನೆಗಳ ಆಚಾರದಲ್ಲಿ ಉಳಿದುಕೊಂಡಿತು. ಅಮಾನವೀಯ ಅನಿಷ್ಟ ಪದ್ಧತಿಗಳನ್ನು ತಡೆಯುವ 2017ರ ಕರ್ನಾಟಕ ಅಧಿನಿಯಮದಲ್ಲಿ, ಮುಟ್ಟಾದವರನ್ನು ಬಲವಂತವಾಗಿ ಪ್ರತ್ಯೇಕವಿರಿಸುವುದನ್ನೂ ನಿಷೇಧಿಸಬೇಕಾಯಿತೆಂಬುದು ಗಮನಾರ್ಹ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಾಲಿಕೆಯರ ಶಾಲೆಗಳು ತೆರೆದಾಗ ಎದುರಾದ ಮೊದಲ ಅಡ್ಡಿ ವಿವಾಹ. ಪುಣೆಯಲ್ಲಿ ಫುಲೆ ದಂಪತಿಗಳು 1848ರಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ಪ್ರಾರಂಭಿಸಿದರು; ಮೈಸೂರಿನಲ್ಲಿ ಮಹಾರಾಣಿಯವರ ಬಾಲಿಕಾ ಪಾಠಶಾಲೆ 1881ರಲ್ಲಿ ಸ್ಥಾಪಿತವಾಯಿತು. ಮೈನೆರೆಯುವುದಕ್ಕೆ ಮೊದಲೇ ಮದುವೆಯಾಗಬೇಕೆಂಬ ಕಟ್ಟಳೆಯಿದ್ದ ಕುಲಗಳಲ್ಲಿ ಹುಡುಗಿಯ ಓದು ಅಕ್ಷರಾಭ್ಯಾಸಕ್ಕೇ ಮುಗಿಯುತ್ತಿತ್ತು. 1891ರ ಸಮ್ಮತಿ ವಯಸ್ಸಿನ ಕಾನೂನು ಹತ್ತರಿಂದ ಹನ್ನೆರಡಕ್ಕೆ ಏರಿಸಿದಾಗ, ಪ್ರಥಮ ರಜೋದರ್ಶನದ ಗರ್ಭಾಧಾನ ಸಂಸ್ಕಾರಕ್ಕೆ ಭಂಗವಾಗುವುದೆಂಬುದೇ ವಿರೋಧಿಗಳ ಮುಖ್ಯ ಆಕ್ಷೇಪಗಳಲ್ಲೊಂದಾಗಿತ್ತು. ಮೈಸೂರು ಸಂಸ್ಥಾನದ 1894ರ ಶಾಸನ ಎಂಟು ವರ್ಷದೊಳಗಿನ ಹುಡುಗಿಯರ ವಿವಾಹವನ್ನು ನಿಷೇಧಿಸಿತು. 1929ರ ಶಾರದಾ ಕಾನೂನು ಹೆಣ್ಣಿನ ವಿವಾಹವಯಸ್ಸನ್ನು ಹದಿನಾಲ್ಕಕ್ಕೆ ತಂದಿತು. ಹೀಗೆ ಕ್ರಮೇಣ ಮೈನೆರೆದ ಹುಡುಗಿ ತರಗತಿಯಲ್ಲಿ ಕುಳಿತಿರುವುದು ಸಾಧ್ಯವಾಯಿತು. ಆಕೆಯನ್ನು ನಿರೀಕ್ಷಿಸಿ ಶಾಲೆಯ ಕಟ್ಟಡಗಳು ಮಾತ್ರ ಬದಲಾಗಲಿಲ್ಲ.

ಆಗ ಮುನ್ನೆಲೆಗೆ ಬಂದ ವಸ್ತು ಬಟ್ಟೆ. ಹಳೆಯ ಸೀರೆಯ ತುಂಡನ್ನು ಒಗೆದು ಬಿಸಿಲಿನಲ್ಲಿ ಒಣಗಿಸಿದರೆ ಅದು ನಿರಪಾಯಕರವೇ. ಆದರೆ ನಾಚಿಕೆಯ ದೆಸೆಯಿಂದ ಅದು ಬಿಸಿಲು ಕಾಣದೆ ಮೂಲೆಯಲ್ಲಿ ಅಥವಾ ಇನ್ನೊಂದು ಬಟ್ಟೆಯ ಕೆಳಗೆ ಒಣಗಬೇಕಾಗಿತ್ತು. ಮುಂಬಯಿಯ ಚಾಳಿನ ಒಂಟಿ ಕೋಣೆಯಲ್ಲಿ ಬಾಳಿದ ನಮ್ಮವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ‘ಹೊರಗೆ’ ಕೂರಲು ಸ್ಥಳವಿರಲಿಲ್ಲ. ಬಟ್ಟೆ ಒಣಹಾಕಲು ಮರೆಯೂ ಇರಲಿಲ್ಲ. ಇತ್ತ ಅಮೆರಿಕದಲ್ಲಿ, ಪ್ರಥಮ ಮಹಾಯುದ್ಧದ ಗಾಯಾಳುಗಳಿಗಾಗಿ ಮರದ ತಿರುಳಿನಿಂದ ತಯಾರಾದ ಪಟ್ಟಿಯೇ 1920ರ ವೇಳೆಗೆ ಕೋಟೆಕ್ಸ್ ಎಂಬ ಹೆಸರಿನ ಪ್ಯಾಡಾಗಿ ಮಾರಾಟಕ್ಕೆ ಬಂದಿತ್ತು. ನಮ್ಮ ಬಡ ಮನೆಗಳಿಗೆ ಅದು ಬಹುಕಾಲ ದುಬಾರಿ ವಸ್ತುವಾಗಿಯೇ ಇತ್ತು. ಕೊಯಮತ್ತೂರಿನ ಅರುಣಾಚಲಂ ಮುರುಗಾನಂದಂ ಅವರು ಅಗ್ಗದ ಯಂತ್ರವೊಂದನ್ನು ರೂಪಿಸಿ, ಹೆಂಗಸರ ಸಂಘಗಳೇ ಪ್ಯಾಡನ್ನು ತಯಾರಿಸುವಂತೆ ಮಾಡಿದರು.

ಸರ್ಕಾರಗಳು ಈ ಕಾರ್ಯಕ್ಕೆ ಕೈಹಾಕಿದ್ದು ತೀರ ಈಚೆಗೆ. ಕೇಂದ್ರದ ಯೋಜನೆ 2011ರಲ್ಲಿ 17 ರಾಜ್ಯಗಳ 107 ಜಿಲ್ಲೆಗಳಲ್ಲಿ, ಆರು ಪ್ಯಾಡುಗಳಿಗೆ ಆರು ರೂಪಾಯಿಯಂತೆ ಆರಂಭವಾಯಿತು. ಕರ್ನಾಟಕದ ‘ಶುಚಿ’ ಯೋಜನೆ 2013-14ರಲ್ಲಿ ಬಂದಿತು. ಕೊರೋನಾ ಕಾಲದಿಂದ ಕೆಲವು ವರ್ಷ ವಿತರಣೆ ನಿಂತು 2024ರಲ್ಲಿ ಪುನರಾರಂಭವಾಯಿತು. ಪ್ಯಾಡಿನ ಮೇಲಿದ್ದ ಶೇಕಡಾ 12ರ ತೆರಿಗೆ 2018ರ ಜುಲೈನಲ್ಲಿ ರದ್ದಾಯಿತು.

ಪ್ಯಾಡು ಕೊಟ್ಟರೆ ಹಾಜರಿ ಹೆಚ್ಚುವುದೇ? ಉತ್ತರ ನಾವು ಎಣಿಸಿದಷ್ಟು ಸರಳವಲ್ಲ. ನೇಪಾಳದ ಚಿತವನದಲ್ಲಿ ಓಸ್ಟರ್ ಮತ್ತು ಥಾರ್ನ್‌ಟನ್ ಎಂಬ ಅರ್ಥಶಾಸ್ತ್ರಜ್ಞೆಯರು 198 ಬಾಲಿಕೆಯರನ್ನು ಕುರಿತು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಟ್ಟಿನ ಬಟ್ಟಲು ಪಡೆದವರ ಹಾಜರಿ ಹೆಚ್ಚಲಿಲ್ಲ. ಮುಟ್ಟಿನ ದೆಸೆಯಿಂದ ತಪ್ಪುತ್ತಿದ್ದ ಶಾಲಾದಿನಗಳೇ ವರ್ಷಕ್ಕೆ ಒಂದಕ್ಕಿಂತ ಕಡಿಮೆಯಿದ್ದವು. ಆದರೂ ಅವರಿಗೆ ಬಟ್ಟೆ ಒಗೆಯುವ ಹೊತ್ತು ಉಳಿಯಿತು. ಭಾರತದ ಶಾಲಾ ಶೌಚಾಲಯಗಳನ್ನು ಕುರಿತು ಅಂಜಲಿ ಅದುಕಿಯಾ ಅವರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಅಂಶವನ್ನು ತೋರಿಸಿತು: ಚಿಕ್ಕ ಮಕ್ಕಳ ದಾಖಲಾತಿ ಯಾವ ಶೌಚಾಲಯದಿಂದಲೂ ಹೆಚ್ಚಿತು; ದೊಡ್ಡ ಹುಡುಗಿಯರ ದಾಖಲಾತಿಗೆ ಪ್ರತ್ಯೇಕ ಶೌಚಾಲಯವೇ ಬೇಕಾಯಿತು.

ಇದರಿಂದ ಪ್ಯಾಡು ವ್ಯರ್ಥವೆಂದು ತೀರ್ಮಾನಿಸುವುದು ತಪ್ಪು. ಹಾಜರಿ ಪುಸ್ತಕವೊಂದನ್ನೇ ಅಳತೆಗೋಲಾಗಿ ಹಿಡಿದರೆ, ಅಂಕಿ ಏರದ ವರ್ಷ ಯೋಜನೆಯನ್ನೇ ಕೈಬಿಡಲು ನೆಪ ದೊರೆತೀತು. ಶಾಲೆಗೆ ಬಂದೂ ಕಲೆಯಾದೀತೆಂಬ ಭಯದಿಂದ ಹಲಗೆಯ ಮುಂದೆ ಏಳದೆ ಕುಳಿತ ಹುಡುಗಿ ಹಾಜರಿಯಲ್ಲಿ ‘ಬಂದವಳೇ’. ಪ್ಯಾಡು, ನೀರು, ಚಿಲಕವುಳ್ಳ ಬಾಗಿಲು, ಬಳಸಿದ್ದನ್ನು ಹಾಕಲು ಮುಚ್ಚಿದ ಬುಟ್ಟಿ, ಸಂಕೋಚವಿಲ್ಲದೆ ವಿವರಿಸುವ ಉಪಾಧ್ಯಾಯಿನಿ, ಇವು ಒಟ್ಟಿಗೆ ಬರಬೇಕು ಮತ್ತು ತಿಂಗಳು ತಪ್ಪದೆ ಬರಬೇಕು. ನೂರೈವತ್ತು ವರ್ಷಗಳ ಕಾನೂನು ಆಕೆಯನ್ನು ಶಾಲೆಯ ಒಳಗೆ ತಂದಿತು. ಒಳಗೆ ಬಂದವಳು ತರಗತಿಯಲ್ಲಿದ್ದೂ ‘ಹೊರಗೆ’ ಕೂರದಂತೆ ನೋಡಿಕೊಳ್ಳುವ ಕೆಲಸ ಇನ್ನೂ ಬಾಕಿಯಿದೆ.