ಹಾನಗಲ್ಲೆಂಬ ಹೆಸರು

ಶಾಸನಗಳ ಪಾನುಂಗಲ್ಲೇ ಇಂದಿನ ಹಾನಗಲ್. ಪಾಲು ಹಾಲಾದಂತೆ ಇಲ್ಲಿಯೂ ಪಕಾರ ಹಕಾರವಾಯಿತು. ‘ಪಾನುಂಗಲ್ 500’ ಎಂದು ಒಂದು ನಾಡಿಗೇ ಸಂದಿದ್ದ ಹೆಸರಿದು. ವಿರಾಟನಗರಿಯೆಂಬ ಐತಿಹ್ಯವನ್ನು ಊರವರು ಬಿಟ್ಟುಕೊಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ.

ಈ ಹೆಸರು ವ್ಯಕ್ತಿಗಳಿಗೆ ಅಂಟಿದ ಬಗೆ ಇನ್ನೂ ಸ್ವಾರಸ್ಯಕರವಾದುದು. 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಕುಮಾರ ಸ್ವಾಮಿಗಳಿಗೆ ಅದು ಇಲ್ಲಿಯ ವಿರಕ್ತಮಠದಿಂದ ಬಂದಿತು. ಚಿತ್ರನಟ ಎ. ಕೆ. ಹಾನಗಲ್ಲರದಾದರೋ ಕಾಶ್ಮೀರಿ ಪಂಡಿತ ಮನೆತನ. ನಮ್ಮ ಊರಿಗೂ ಅವರಿಗೂ ನಂಟಿಲ್ಲ.

ಗಂಗೂಬಾಯಿಯವರು 1913ರಲ್ಲಿ ಹುಟ್ಟಿದ್ದು ಧಾರವಾಡದಲ್ಲಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ತಂದೆ ನಾಡಿಗೇರರು, ಪತಿ ಕೌಲಗಿಯವರು. ಆದರೆ ಅಂದಿನ ಹಾಡುವ ಮನೆತನಗಳ ಹೆಣ್ಣುಮಕ್ಕಳಿಗೆ ಅಂಥ ಅಡ್ಡಹೆಸರುಗಳು ಸಲ್ಲುತ್ತಿರಲಿಲ್ಲ. ಆಕೆಗೆ ಉಳಿದದ್ದು ಪೂರ್ವಿಕರ ಊರು. ಅದನ್ನೇ ಆಕೆ ಮುಂಬಯಿ, ಕಲಕತ್ತೆಗಳ ಸಂಗೀತ ಸಭೆಗಳವರೆಗೆ ಕೊಂಡೊಯ್ದರು.