ಸುತ್ತಿಗೆ ಹುಡುಕಲು ಹೋಗಿ ಸಿಕ್ಕ ನಿಧಿ

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ವನಮಹೋತ್ಸವಕ್ಕೆಂದು ಶಾಲೆಯ ಹಿಂಭಾಗದಲ್ಲಿ ಗುಂಡಿ ತೋಡುವ ಕೆಲಸ ನಮ್ಮ ತರಗತಿಗೆ ಬಂದಿತ್ತು. ಮೊಣಕಾಲುದ್ದ ಅಗೆಯುವ ಹೊತ್ತಿಗೆ ಹಾರೆಗೆ ಮಡಕೆಯ ಚೂರುಗಳು ತಗುಲಿದವು. ಅವುಗಳ ಜೊತೆಗೆ ಹಸಿರುಗಟ್ಟಿದ ಹತ್ತು ಹನ್ನೆರಡು ತಾಮ್ರದ ನಾಣ್ಯಗಳು! ನಾವು ನಾಲ್ವರು ಯಾರಿಗೂ ಹೇಳದೆ ಹಂಚಿಕೊಂಡೆವು. ಚೂರುಗಳನ್ನು ಬೇಲಿಯಾಚೆ ಎಸೆದು, ಆ ಗುಂಡಿಯಲ್ಲಿ ಹೊಂಗೆ ಸಸಿ ನೆಟ್ಟೆವು. ಮರುದಿನವೇ ನಾಣ್ಯಗಳು ಗುಜರಿಯವನ ಚೀಲ ಸೇರಿ ಐಸ್ ಕ್ಯಾಂಡಿಗಳಾದವು.

ನಾನು ಒಂದನ್ನು ಮಾತ್ರ ಉಳಿಸಿಕೊಂಡು ಸಮಾಜ ಪಾಠದ ಮೇಷ್ಟ್ರಿಗೆ ತೋರಿಸಿದೆ. ಅವರು ಅದರ ಬೆಲೆಯ ಮಾತೇ ಎತ್ತಲಿಲ್ಲ. "ಎಲ್ಲಿ ಸಿಕ್ತಪ್ಪಾ ಇದು? ಎಷ್ಟು ಆಳದಲ್ಲಿತ್ತು? ಜೊತೆಗೆ ಇನ್ನೇನಿತ್ತು?" ಎಂದು ಕೇಳಿದರು. ಬೈಸಿಕೊಳ್ಳುವ ಭಯಕ್ಕೆ "ಸಂತೆಗೆ ಹೋಗೋ ದಾರೀಲಿ ಬಿದ್ದಿತ್ತು ಸಾರ್" ಎಂದೆ. "ಹಾಗಾದ್ರೆ ಇದರಿಂದ ಹೆಚ್ಚೇನೂ ತಿಳಿಯಲ್ಲ" ಎಂದು ವಾಪಸ್ ಕೊಟ್ಟರು. ಆ ಮಾತಿನ ಅರ್ಥ ನನಗಾಗಿದ್ದು ಎಷ್ಟೋ ವರ್ಷಗಳ ನಂತರ, ಕಂಪನಿ ಕೆಲಸದ ಮೇಲೆ ಇಂಗ್ಲೆಂಡಿಗೆ ಹೋದಾಗ.

ಅಲ್ಲಿ ರಜಾದಿನಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಉತ್ತ ಹೊಲಗಳಲ್ಲಿ ಹಳೆಯ ನಾಣ್ಯ ಹುಡುಕುವುದು ಸಾವಿರಾರು ಜನರ ಹವ್ಯಾಸ. ಯಂತ್ರದ ಹಿಂದಿನ ತತ್ತ್ವ ವಿದ್ಯುತ್ಕಾಂತೀಯ ಪ್ರೇರಣೆಯ ಪಾಠವೇ. ಕೋಲಿನ ತುದಿಯ ತಂತಿ ಸುರುಳಿಯಲ್ಲಿ ಪರ್ಯಾಯ ವಿದ್ಯುತ್ ಹರಿದಾಗ ಸುತ್ತ ಕಾಂತಕ್ಷೇತ್ರ ಏರ್ಪಡುತ್ತದೆ. ನೆಲದೊಳಗೆ ಲೋಹವಿದ್ದರೆ ಅದರಲ್ಲೂ ಸಣ್ಣ ವಿದ್ಯುತ್ ಹುಟ್ಟಿ, ಅದು ತನ್ನದೇ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಯಂತ್ರ ಅದನ್ನು ಗುರುತಿಸಿ ಸದ್ದು ಮಾಡುತ್ತದೆ. ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿದ್ದ ಗುಂಡನ್ನು ಪತ್ತೆಹಚ್ಚಲು ಇಂಥದೇ ಉಪಕರಣ ಬಳಸಿದ್ದರು, ಆದರೆ ಗುಂಡು ಸಿಗಲಿಲ್ಲ. ಎರಡನೇ ಮಹಾಯುದ್ಧದಲ್ಲಿ ನೆಲಬಾಂಬ್ ಪತ್ತೆಗೆ ಬಳಕೆಯಾದ ಈ ತಂತ್ರ ಆಮೇಲೆ ಹವ್ಯಾಸಿಗಳ ಕೈಗೂ ಬಂತು.

ಈ ಹವ್ಯಾಸದ ಅತ್ಯಂತ ಪ್ರಸಿದ್ಧ ಕಥೆ ಸಫೋಕ್ ಸೀಮೆಯ ಹಾಕ್ಸನ್ ಎಂಬ ಹಳ್ಳಿಯದು. ಪೀಟರ್ ವಾಟ್ಲಿಂಗ್ ಎಂಬ ಗೇಣಿ ರೈತ ಹೊಲದಲ್ಲಿ ತನ್ನ ಸುತ್ತಿಗೆ ಕಳೆದುಕೊಂಡ. ಹುಡುಕಿಕೊಡು ಎಂದು ಗೆಳೆಯ ಎರಿಕ್ ಲಾಸ್‌ನನ್ನು ಕರೆದ. ಲಾಸ್ ತೋಟಗಾರನಾಗಿ ನಿವೃತ್ತನಾದವನು. ಅವನ ಡಿಟೆಕ್ಟರ್ ನಿವೃತ್ತಿಯ ಉಡುಗೊರೆಯಾಗಿ ಬಂದದ್ದು. 1992ರ ನವೆಂಬರ್ 16ರಂದು ಯಂತ್ರ ಜೋರಾಗಿ ಸದ್ದು ಮಾಡಿತು. ಅಗೆದರೆ ಬೆಳ್ಳಿ ಚಮಚಗಳು, ಚಿನ್ನದ ಒಡವೆ, ರಾಶಿ ನಾಣ್ಯ! ಸ್ವಲ್ಪ ಹೊರತೆಗೆದ ಲಾಸ್ ಅಲ್ಲಿಗೇ ಅಗೆಯುವುದನ್ನು ನಿಲ್ಲಿಸಿ ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದ. ಪುರಾತತ್ವಜ್ಞರು ಮರುದಿನವೇ ಬಂದು ಅಗೆದರು.

ರೋಮನ್ನರ ಕಾಲದ 14,865 ನಾಣ್ಯಗಳು, ಜೊತೆಗೆ ಸುಮಾರು 200 ಒಡವೆ ಮತ್ತು ಬೆಳ್ಳಿ ಸಾಮಾನುಗಳು ಅಲ್ಲಿದ್ದವು. ಉಳಿದದ್ದು ಅಲುಗಾಡದೆ ಇದ್ದುದರಿಂದ, ಇಡೀ ನಿಧಿಯನ್ನು ಓಕ್ ಮರದ ಪೆಟ್ಟಿಗೆಯಲ್ಲಿಟ್ಟು ಹೂಳಿದ್ದರೆಂದು, ಅದರೊಳಗೆ ಸಣ್ಣ ಬೀಗ ಹಾಕಿದ ಚಿಕ್ಕ ಪೆಟ್ಟಿಗೆಗಳಿದ್ದವೆಂದು ತಿಳಿಯಿತು. ಕೊನೆಯ ನಾಣ್ಯಗಳು ಕ್ರಿ.ಶ. 407–408ರವು, ಅಂದರೆ ನಿಧಿ ಹೂತಿದ್ದು ಅದಕ್ಕಿಂತ ಮೊದಲಲ್ಲ. ಬ್ರಿಟನ್ನಿನ ಮೇಲೆ ರೋಮ್ ಹಿಡಿತ ಕಳೆದುಕೊಳ್ಳುತ್ತಿದ್ದ ಕಾಲ ಅದು. ಬಹುಪಾಲು ಬೆಳ್ಳಿ ನಾಣ್ಯಗಳ ಅಂಚನ್ನು ಕತ್ತರಿಸಿ ಬೆಳ್ಳಿ ತೆಗೆಯಲಾಗಿತ್ತು. ಹೊಸ ನಾಣ್ಯ ಬರುವುದು ನಿಂತಾಗ ಜನ ಹೇಗೆ ದಿನ ದೂಡಿದರು ಎಂಬುದಕ್ಕೆ ಅದೇ ಸಾಕ್ಷಿ. ಒಂದು ಬಳೆಯ ಮೇಲೆ ಜೂಲಿಯಾನಾ ಎಂಬ ಹೆಂಗಸಿನ ಹೆಸರಿದೆ.

ಬ್ರಿಟಿಷ್ ಮ್ಯೂಸಿಯಂನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೆಣ್ಣಿನ ಆಕಾರದ ಒಂದು ಬೆಳ್ಳಿಯ ಕಾಳುಮೆಣಸಿನ ಡಬ್ಬಿ. ಆ ಕಾಲದಲ್ಲಿ ರೋಮನ್ನರಿಗೆ ಮೆಣಸು ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ. ನಮ್ಮ ಅಜ್ಜಿ ಸಾರಿಗೆ ಕುಟ್ಟಿ ಹಾಕುತ್ತಿದ್ದ ಮೆಣಸು ಅಷ್ಟು ದೂರದ ಊಟದ ಮೇಜಿಗೂ ಹೋಗಿತ್ತಲ್ಲ ಎನ್ನಿಸಿತು. ಲಾಸ್‌ಗೆ 17.5 ಲಕ್ಷ ಪೌಂಡ್ ಬಹುಮಾನ ಬಂತು. ಅದನ್ನು ಅವನು ವಾಟ್ಲಿಂಗ್ ಜೊತೆ ಹಂಚಿಕೊಂಡ. ಅಂದಹಾಗೆ ಸುತ್ತಿಗೆಯೂ ಸಿಕ್ಕಿತು, ಅದೂ ಮ್ಯೂಸಿಯಂ ಸೇರಿದೆ!

ಇದಕ್ಕೆ ತದ್ವಿರುದ್ಧವಾದದ್ದು 2015ರಲ್ಲಿ ಲೆಮ್‌ಸ್ಟರ್ ಬಳಿ ನಡೆದ ಘಟನೆ. ಇಬ್ಬರು ಹವ್ಯಾಸಿಗಳಿಗೆ ವೈಕಿಂಗರ ಕಾಲದ ನಿಧಿ ಸಿಕ್ಕಿತು. ಯಾರಿಗೂ ತಿಳಿಸದೆ ಮಾರತೊಡಗಿದರು. ಸುಮಾರು 300 ನಾಣ್ಯಗಳಿದ್ದವೆಂಬ ಅಂದಾಜಿದೆ. ಪೊಲೀಸರ ಕೈಗೆ ಸಿಕ್ಕವು ಮೂವತ್ತರ ಆಸುಪಾಸು ಮಾತ್ರ. 2019ರಲ್ಲಿ ಇಬ್ಬರೂ ಜೈಲು ಸೇರಿದರು. ಸಿಕ್ಕ ನಾಣ್ಯಗಳಲ್ಲಿ ವೆಸೆಕ್ಸ್‌ನ ಆಲ್ಫ್ರೆಡ್ ಮತ್ತು ಮರ್ಸಿಯಾದ ಚೆಯೊಲ್‌ವುಲ್ಫ್ ಎಂಬ ಇಬ್ಬರು ರಾಜರ ಮೈತ್ರಿಯನ್ನು ತೋರುವವು ಇವೆ. ಆಲ್ಫ್ರೆಡ್‌ನ ಕಡೆಯವರು ಬರೆದ ಇತಿಹಾಸ ಚೆಯೊಲ್‌ವುಲ್ಫ್‌ನನ್ನು ಕೈಲಾಗದವನೆಂದು ತಳ್ಳಿಹಾಕಿತ್ತು. ಪುಸ್ತಕ ಮುಚ್ಚಿಟ್ಟದ್ದನ್ನು ನಾಣ್ಯ ಹೇಳಿತು. ಕಳೆದುಹೋದವು ಇನ್ನೇನು ಹೇಳುತ್ತಿದ್ದವೋ!

ಕಳ್ಳತನ ತಡೆಯಲು ಅಲ್ಲಿ 1996ರಲ್ಲಿ ನಿಧಿ ಕಾಯ್ದೆ ಬಂತು. ನಿಧಿ ಸಿಕ್ಕರೆ 14 ದಿನದೊಳಗೆ ತಿಳಿಸಬೇಕು. ಕಾಯ್ದೆಗೆ ಒಳಪಡದ ಸಣ್ಣಪುಟ್ಟ ವಸ್ತುಗಳನ್ನೂ ಸಿಕ್ಕ ಜಾಗದ ಸಮೇತ ದಾಖಲಿಸುವ ಯೋಜನೆ 1997ರಲ್ಲಿ ಶುರುವಾಗಿ, ಈಗ 15 ಲಕ್ಷಕ್ಕೂ ಹೆಚ್ಚು ವಸ್ತುಗಳ ವಿವರ ಅದರಲ್ಲಿದೆ.

ನಮ್ಮಲ್ಲಿಯೂ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಿಂದೆಯೇ ಬಂದಿದೆ. ಆದರೂ ಅಮಾವಾಸ್ಯೆ ರಾತ್ರಿ ನಿಂಬೆಹಣ್ಣು, ಕುಂಕುಮ ಇಟ್ಟು ಹಾಳು ದೇಗುಲಗಳ ಗರ್ಭಗುಡಿ ಅಗೆಯುವವರು, ವೀರಗಲ್ಲು ಕೀಳುವವರು ಇದ್ದಾರೆ. ಅವರಿಗೆ ಚಿನ್ನ ಸಿಗುತ್ತದೋ ಇಲ್ಲವೋ, ಊರಿನ ಚರಿತ್ರೆಯಂತೂ ಹಾಳಾಗುತ್ತದೆ. ಮಣ್ಣಿನ ಪದರಗಳನ್ನು ಒಂದೊಂದಾಗಿ ನೋಡುತ್ತಾ ಅಗೆದರೆ ಏನು ಸಿಗುತ್ತದೆ ಎಂಬುದಕ್ಕೆ ಚಿತ್ರದುರ್ಗದ ಚಂದ್ರವಳ್ಳಿಯೇ ಸಾಕ್ಷಿ. ಮಾರ್ಟಿಮರ್ ವೀಲರ್ 1947ರಲ್ಲಿ ಅಗೆಸಿದ ಆ ಜಾಗದಲ್ಲಿ ಸಾತವಾಹನರ ಕಾಲದ ನಾಣ್ಯಗಳ ಜೊತೆ ರೋಮನ್ ನಾಣ್ಯವೂ ಸಿಕ್ಕಿ, ಆ ಪದರದ ಮಡಕೆ ಚೂರುಗಳ ಕಾಲ ನಿರ್ಧರಿಸಲು ನೆರವಾಯಿತು. ನಾವು ಬೇಲಿಯಾಚೆ ಎಸೆದದ್ದೂ ಮಡಕೆ ಚೂರುಗಳನ್ನೇ.

ವಿದ್ಯಾರ್ಥಿಗಳಲ್ಲಿ ನನ್ನದೊಂದೇ ಕೋರಿಕೆ. ಹೊಲದಲ್ಲೋ ಪಾಯ ತೋಡುವಾಗಲೋ ಹಳೆಯದೇನಾದರೂ ಕಂಡರೆ ಅಗೆಯುವುದನ್ನು ನಿಲ್ಲಿಸಿ. ಉಜ್ಜಬೇಡಿ, ಹಂಚಿಕೊಳ್ಳಬೇಡಿ. ಜಾಗ ಗುರುತು ಮಾಡಿ ಮೊದಲು ನಿಮ್ಮ ಮೇಷ್ಟ್ರಿಗೆ ಹೇಳಿ.

ಸುವರ್ಣ ಮಹೋತ್ಸವಕ್ಕೆ ನಮ್ಮ ಸಮಾಜ ಪಾಠದ ಮೇಷ್ಟ್ರು ಬರುತ್ತಾರೆಂದು ತಿಳಿದು ಸಂತೋಷವಾಯಿತು. ಆ ನಾಣ್ಯ ಇನ್ನೂ ನನ್ನ ಬಳಿ ಇದೆ. ಅದನ್ನು ಅವರ ಕೈಗಿಟ್ಟು, ಅವರ ಜೊತೆಯಲ್ಲೇ ಹೋಗಿ ಪುರಾತತ್ವ ಇಲಾಖೆಗೆ ಒಪ್ಪಿಸಬೇಕೆಂದಿದ್ದೇನೆ. ಅಂದು ಅವರು ಕೇಳಿದ್ದಕ್ಕೆ ಉತ್ತರ ಇಲ್ಲಿದೆ: ಶಾಲೆಯ ಹಿಂದೆ, ಈಗ ದೊಡ್ಡದಾಗಿ ಬೆಳೆದಿರುವ ಹೊಂಗೆ ಮರದ ಬುಡದಲ್ಲಿ, ಮೊಣಕಾಲುದ್ದ ಆಳದಲ್ಲಿ, ಮಡಕೆ ಚೂರುಗಳ ಜೊತೆಯಲ್ಲಿ, ಸಾರ್.